ಸೋಮವಾರದ ಕಡತ

ಫೋನು ಮೂರು ಸಲ ಹೊಡೆದುಕೊಳ್ಳುವವರೆಗೆ ಎತ್ತಬಾರದು ಎಂಬುದು ಅವನು ತನಗೆ ತಾನೇ ಹಾಕಿಕೊಂಡ ನಿಯಮ. ಮೊದಲ ಸದ್ದಿಗೇ ಎತ್ತಿದರೆ, ಯಾರಾದರೂ ಕರೆಯಲಿ ಎಂದು ಕಾದು ಕೂತವನ ಹಾಗೆ ಕಾಣುತ್ತದೆ. ಐದಾರು ಸಲ ಹೊಡೆಯಲು ಬಿಟ್ಟರೆ ಅಡುಗೆಯಾಕೆ ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿಬಂದು ಎತ್ತಿ, ಯಾರು ಏನು ಎಂದೂ ಕೇಳದೆ "ಮೇಡಂ ಮನೇಲಿಲ್ಲ" ಎಂದು ಇಟ್ಟುಬಿಡುತ್ತಾಳೆ, ಮೇಡಂ ಇಲ್ಲದ ಮೇಲೆ ಈ ಮನೆಯಲ್ಲಿ ಇನ್ಯಾರೂ ಇಲ್ಲ ಎಂಬಂತೆ. ಆದ್ದರಿಂದ ಮೂರು. ಆ ಬೆಳಿಗ್ಗೆಯೂ ಮೂರನೆಯ ಸದ್ದು ಮುಗಿಯುತ್ತಿದ್ದಂತೆ ಗಂಟಲು ಸರಿಮಾಡಿಕೊಂಡು ಎತ್ತಿದ.

"ಮಾಜಿ ರಾಜ್ಯಪಾಲರ ಮನೇನಾ?"

"ಹೌದು. ಮಾತಾಡ್ತಾ ಇದೀನಿ, ಹೇಳಿ."

ಆ ಕಡೆ ಕಾಗದ ಸರಿದಾಡಿದ ಸದ್ದು. "ಅಲ್ಲ ಸರ್... ನರ್ಸಿಂಗ್ ಕಾಲೇಜಿಂದ. ಮೇಡಂ ಹೊರಟ್ರಾ ಅಂತ ಕೇಳೋಣ ಅಂತ."

"ಆಗಲೇ ಹೊರಟ್ರು."

"ಒಳ್ಳೇದಾಯ್ತು ಸರ್. ನೀವೂ ಬರಬಹುದಿತ್ತು. ಮುಂದಿನ ಸಾಲಲ್ಲಿ ಕುರ್ಚಿ ಖಾಲಿ ಇದಾವೆ."

ಫೋನಿಟ್ಟು ವರಾಂಡಕ್ಕೆ ಬಂದು ತನ್ನ ಬೆತ್ತದ ಕುರ್ಚಿಯಲ್ಲಿ ಕೂತ. ಅದರ ಹೆಣಿಗೆ ನಡುವೆ ಕಿತ್ತು ಜೋಲುಬಿದ್ದು ವರ್ಷವಾಗಿತ್ತು. ಅಡಿಗೆ ಮಡಿಚಿಟ್ಟ ಹಳೆಯ ಕಂಬಳಿ ಅವನನ್ನು ಹಿಡಿದುಕೊಂಡಿತ್ತೇ ಹೊರತು ಕುರ್ಚಿಯಲ್ಲ. ಖಾಲಿ ಇದಾವೆ ಎಂಬ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ನಾಲಗೆಗೆ ತಗುಲುತ್ತಲೇ ಇತ್ತು. ತಾನು ಐದು ವರ್ಷಕ್ಕೆ ಇಪ್ಪತ್ತು ದಿನ ಕಡಿಮೆ ರಾಜ್ಯಪಾಲನಾಗಿದ್ದವನು, ತನ್ನ ಹೆಂಡತಿ ಎರಡು ವರ್ಷ ಎರಡು ತಿಂಗಳು. ತೂಕಕ್ಕೆ ಹಾಕಿದರೆ ತಟ್ಟೆ ಯಾವ ಕಡೆ ವಾಲಬೇಕು? ಆದರೆ ಕರೆ ಬರುವುದು ಅವಳಿಗೆ, ಕಾಲೇಜಿನ ಕಾರು ಬರುವುದು ಅವಳಿಗೆ, ದಾರಿಯಲ್ಲಿ ಹುಡುಗಿಯರು ನಿಲ್ಲಿಸಿ ಮಾತಾಡಿಸುವುದು ಅವಳನ್ನು; ಅವನು ಎರಡು ಹೆಜ್ಜೆ ಹಿಂದೆ ತರಕಾರಿ ಚೀಲ ಹಿಡಿದು ನಿಂತು, ಮುಗುಳ್ನಗೆಯನ್ನು ಎಷ್ಟು ಹೊತ್ತು ಇಟ್ಟುಕೊಂಡರೆ ಸಹಜ ಎಂದು ಯೋಚಿಸುತ್ತಿರುತ್ತಾನೆ. ರಾಜಭವನದಿಂದ ಇವರ ಜೊತೆಗೇ ಬಂದ ಅಡುಗೆಯಾಕೆಯನ್ನು ಒಮ್ಮೆ ತಡೆಯಲಾರದೆ ಕೇಳಿದ್ದ, ತನ್ನ ಕಾಲ ಹೇಗಿತ್ತು ಎಂದು. "ನಿಮ್ಮ ಕಾಲದಲ್ಲಿ ಏನೂ ಆಗ್ಲಿಲ್ಲ ಸಾಹೇಬ್ರೇ. ಅದೇ ಒಂದು ಪುಣ್ಯ" ಎಂದಿದ್ದಳು, ಈರುಳ್ಳಿಯಿಂದ ಕಣ್ಣೆತ್ತದೆ.

ಅವನ ಅವಧಿ ಮುಗಿದು ಮೂರೇ ತಿಂಗಳಿಗೆ ಅವಳ ಹೆಸರು ಬಂದಾಗ ಎಲ್ಲರಿಗಿಂತ ಮೊದಲು ಕೈ ಕುಲುಕಿದವನು ಅವನೇ. ಎಷ್ಟು ಜೋರಾಗಿ ಕುಲುಕಿದ್ದನೆಂದರೆ ಅವಳು "ಬಳೆ ಒಡೀತೀರಿ" ಎಂದಿದ್ದಳು. ಬಿಟ್ಟುಬಂದ ಅದೇ ಕಟ್ಟಡ, ಅದೇ ಎತ್ತರದ ಕಿಟಕಿ, ಬಿಸಿನೀರಿಗೆ ಮೊದಲು ಕೆಮ್ಮುವ ಅದೇ ನಲ್ಲಿ. ಬಿಳಿ ಕೈಗವಸಿನ ಮುದುಕ ಬಡಿಸುವವನು ಮೊದಲ ದಿನ ರೂಢಿಯಂತೆ ಅವನ ಬಲಕ್ಕೆ ಬಂದು, ಬಗ್ಗಿ, ಅರ್ಧದಲ್ಲಿ ನೆನಪಾಗಿ, ಪಾತ್ರೆಯನ್ನು ಹಾಗೆಯೇ ಗಾಳಿಯಲ್ಲಿ ತಿರುಗಿಸಿ ಮೇಜು ಸುತ್ತಿಕೊಂಡು ಅವಳ ಬಳಿ ಹೋಗಿದ್ದ. ಅವನನ್ನು ಏನೆಂದು ಕರೆಯಬೇಕೆಂದು ಕಚೇರಿಯವರಿಗೆ ತಿಳಿಯಲಿಲ್ಲ. ಮೇಡಂ ಅವರ ಯಜಮಾನರು ಎಂದರು, ಹಳೇ ಸಾಹೇಬರು ಎಂದರು, ಬೆನ್ನ ಹಿಂದೆ ನಾಳೆ ಸಾಹೇಬರು ಎಂದರು. ಯಾವ ಕಾಗದ ಮುಂದಿಟ್ಟರೂ "ನಾಳೆ ನೋಡೋಣ" ಎನ್ನುತ್ತಿದ್ದನಂತೆ. ಜನರ ಎದುರು ಅವನು ಅವಳಿಗೆ ನೀವು ಎನ್ನಬೇಕಿತ್ತು. ಹಗಲೆಲ್ಲ ನೀವು ಎಂದು ಕೋಣೆಯ ಬಾಗಿಲು ಮುಚ್ಚಿದ ಮೇಲೆ ನೀನು ಎನ್ನಲು ಹೋದರೆ, ಮಾತು ಒಂದು ಕ್ಷಣ ಹೊಸಿಲಲ್ಲಿ ಎಡವುತ್ತಿತ್ತು. ಆಮಂತ್ರಣಗಳಲ್ಲಿ 'ರಾಜ್ಯಪಾಲರು ಮತ್ತು ಅವರ ಪತಿ' ಎಂದು ಅಚ್ಚಾಗುತ್ತಿತ್ತು. ಹಿಂದಿನ ಐದು ವರ್ಷ 'ರಾಜ್ಯಪಾಲರು ಮತ್ತು ಅವರ ಪತ್ನಿ' ಎಂದು ಅಚ್ಚಾಗುತ್ತಿದ್ದಾಗ ಅವಳಿಗೆ ಏನನ್ನಿಸುತ್ತಿತ್ತು ಎಂದು ಅವನು ಕೇಳಿರಲಿಲ್ಲ. ಈಗ ಕೇಳಿದರೆ ತನ್ನ ಹೊಟ್ಟೆಯೊಳಗಿನದು ಗೊತ್ತಾಗಿಬಿಡುತ್ತದೆಂದು ಈಗಲೂ ಕೇಳಲಿಲ್ಲ.

ಇದೆಲ್ಲವನ್ನೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಆ ಕಡತ. ಅವನ ಮೊದಲ ವರ್ಷ ಮೇಜಿಗೆ ಬಂದದ್ದು, ಗಲ್ಲಿಗೆ ಗುರಿಯಾದ ಒಬ್ಬ ಬೆತ್ತದ ಕುರ್ಚಿ ಹೆಣೆಯುವವನ ಕ್ಷಮಾದಾನದ ಅರ್ಜಿ. ಯಾವುದೋ ಜಗಳದಲ್ಲಿ ಧಣಿಯ ಅಂಗಡಿಗೆ ಬೆಂಕಿ ಹಚ್ಚಿದ್ದ. ಒಳಗೆ ಮಲಗಿದ್ದ ಇಬ್ಬರು ಸತ್ತಿದ್ದರು. ಒಳಗೆ ಜನ ಇದ್ದದ್ದು ತನಗೆ ಗೊತ್ತಿರಲಿಲ್ಲ ಎಂದು ಅವನು. ಬಾಗಿಲ ಹೊರಗೆ ಎರಡು ಜೊತೆ ಚಪ್ಪಲಿ ಇದ್ದವು, ನೋಡದೆ ಇರಲಾರ ಎಂದು ಸಾಕ್ಷಿ. ಪ್ರತಿ ಸೋಮವಾರ ಹತ್ತು ಗಂಟೆಗೆ ಇವನು ಅದನ್ನು ತರಿಸಿಕೊಂಡು ಮೊದಲ ಪುಟದಿಂದ ಓದುತ್ತಿದ್ದ. ನೋಡಿದ್ದನೇ, ಇಲ್ಲವೇ? ನೋಡಿದ್ದ ಎಂದು ಕೈ ಒಂದು ಕಡೆ ಹೋಗುತ್ತಿತ್ತು, ಕತ್ತಲಲ್ಲವೇ ಎಂದು ಇನ್ನೊಂದು ಕಡೆ ಎಳೆಯುತ್ತಿತ್ತು, ಮಧ್ಯಾಹ್ನದ ಗಂಟೆಯಾಗುತ್ತಿತ್ತು. ಕಟ್ಟಿ ಒಳಗಿಡುವಾಗ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದ: ಇದು ನನ್ನ ಮೇಜಿನಲ್ಲಿ ಇರುವಷ್ಟು ದಿನ ಅವನು ಬದುಕಿರುತ್ತಾನೆ. ಹೀಗೆ ಸಹಿ ಮಾಡದೆಯೇ ವಾರಕ್ಕೊಮ್ಮೆ ಒಬ್ಬನ ಜೀವ ಉಳಿಸಿದ ದಣಿವಿನಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ. ನಾಲ್ಕು ವರ್ಷ.

ಅವಳು ಒಂಬತ್ತನೆಯ ದಿನ ಸಹಿ ಮಾಡಿದಳು. ತನ್ನನ್ನು ಒಂದು ಮಾತು ಕೇಳಲಿಲ್ಲ. ಆ ಎಂಟು ದಿನ ಒಂದೇ ಮೇಜಿನಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡಿದ್ದರು, ಮಗಳ ಕಾಗದ ಓದಿದ್ದರು. ಅವಳು ಅದರ ಸುದ್ದಿಯೇ ಎತ್ತಿರಲಿಲ್ಲ. ಅವನಿಗೆ ತಿಳಿದದ್ದು ಪತ್ರಿಕೆಯಿಂದ. ಗಲ್ಲು ರದ್ದು, ಜೀವಾವಧಿ. ಕೆಳಗೆ ಅವಳ ಟಿಪ್ಪಣಿಯ ಒಂದು ವಾಕ್ಯವನ್ನು ದಪ್ಪಕ್ಷರದಲ್ಲಿ ಹಾಕಿದ್ದರು: 'ಒಬ್ಬ ಮನುಷ್ಯನನ್ನು ನಾಲ್ಕು ವರ್ಷ ಈ ಬಾಗಿಲಲ್ಲಿ ನಿಲ್ಲಿಸಿದ್ದು ಗಲ್ಲಿಗಿಂತ ಸಣ್ಣ ಶಿಕ್ಷೆಯಲ್ಲ.' ಲೋಕವೆಲ್ಲ ಅದನ್ನು ಕರುಣೆಯೆಂದು ಓದಿತು. ಅದು ಗಂಡನ ಮೇಲೆ ಹೆಂಡತಿ ಕೊಟ್ಟ ತೀರ್ಪು ಎಂದು ಓದಿಕೊಂಡವನು ಅವನೊಬ್ಬನೇ. ಒಂಬತ್ತು ವರ್ಷದ ಮೇಲೂ ಆ ವಾಕ್ಯ ಅವನಿಗೆ ಬಾಯಿಪಾಠ. ಹಲ್ಲುಜ್ಜುವಾಗ ಬರುತ್ತದೆ.

ಗೇಟು ಸದ್ದಾದಾಗ ಅವನು ಇನ್ನೂ ಆ ವಾಕ್ಯದ ನಡುವೆಯೇ ಇದ್ದ. ಐವತ್ತು ದಾಟಿದ, ಕುಳ್ಳಗಿನ, ತೋಳು ಮಾತ್ರ ಗಟ್ಟಿಯಾದ ಒಬ್ಬ ಮನುಷ್ಯ. ಹೆಗಲ ಮೇಲೆ ಸುರುಳಿ ಸುತ್ತಿದ ಬೆತ್ತದ ಎಳೆಗಳು, ಕೈಯಲ್ಲಿ ಬಟ್ಟೆಯ ಗಂಟು. ಮಾರುವವನೆಂದು ಭಾವಿಸಿ ಕೈಯಾಡಿಸಿ ಬೇಡವೆಂದ. ಆ ಮನುಷ್ಯ ಹೋಗಲಿಲ್ಲ. ಗೋಡೆಯ ಮೇಲಿನ ಹೆಸರಿನ ಫಲಕವನ್ನು ಓದುಬಾರದವರು ನೋಡುವ ಹಾಗೆ, ಚಿತ್ರ ನೋಡಿದಂತೆ ನೋಡಿ, ಕೇಳಿದ.

"ರಾಜ್ಯಪಾಲರಾಗಿದ್ದೋರ ಮನೆ ಇದೇನಾ ಸ್ವಾಮಿ?"

"ಇದೇ."

"ಅವ್ರು ಇದಾರಾ?"

"ನಾನೇ."

ಸುಳ್ಳಲ್ಲ. ಯಾವ ನ್ಯಾಯಾಲಯದಲ್ಲಿ ನಿಂತು ಹೇಳಿದರೂ ಸುಳ್ಳಲ್ಲ. ಆ ಮನುಷ್ಯ ಗಂಟನ್ನು ನೆಲಕ್ಕಿಟ್ಟು ಎರಡೂ ಕೈಯಿಂದ ಮುಖ ಒರೆಸಿಕೊಂಡ, ಒರೆಸಿಕೊಂಡ ಮುಖವನ್ನು ಮತ್ತೆ ಒರೆಸಿಕೊಂಡ. "ಹೋದ ತಿಂಗಳು ಬಿಟ್ರು ಸ್ವಾಮಿ ನನ್ನ. ಭವನದ ಬಾಗಿಲಲ್ಲಿ ಕೇಳ್ದೆ, ಆಗ ಇದ್ದೋರು ಈಗೆಲ್ಲಿ ಅಂತ. ಅಲ್ಲಿಯ ಕಾವಲಿನವ್ನು ಈ ಬೀದಿ ಹೇಳ್ದ. ನನ್ನ ಕತ್ತು ನಿಮ್ಮ ಕೈಲಿತ್ತು. ನೀವು ಬಿಟ್ರಿ. ನಾನು ಆ ಬೆತ್ತದೋನು."

ಆಗ ಹೇಳಬಹುದಿತ್ತು. ಅವಳು ಮನೇಲಿಲ್ಲವಲ್ಲಪ್ಪ, ಸಂಜೆ ಬಾ ಎನ್ನಬಹುದಿತ್ತು. ಬಾಯಿ ತೆರೆದೂ ಇದ್ದ. ಆದರೆ ಆ ಮನುಷ್ಯನ ಕಣ್ಣಲ್ಲಿ ಇದ್ದದ್ದನ್ನು ಎಪ್ಪತ್ತೆರಡು ವರ್ಷದಲ್ಲಿ ಯಾರೂ ಅವನ ಕಡೆ ತಿರುಗಿಸಿರಲಿಲ್ಲ. ಮಗಳೂ ಇಲ್ಲ. ಆ ಕಣ್ಣಿನ ಎದುರು ಒಂದು ಕ್ಷಣ ನಿಂತಿರೋಣ ಎಂದುಕೊಂಡ, ಚಳಿಯಲ್ಲಿ ಬೇರೆಯವರ ಒಲೆಯ ಮುಂದೆ ಕೈ ಚಾಚುವ ಹಾಗೆ. ಕ್ಷಣ ಕಳೆಯಿತು. ಕಳೆದ ಮೇಲೆ ಹೇಳುವುದು ಮೊದಲಿಗಿಂತ ಕಷ್ಟವಾಗಿತ್ತು.

"ಬಾ, ಮೇಲೆ ಬಾ" ಎಂದ.

"ಕೊಡೋಕೆ ನನ್ನ ಹತ್ರ ಏನೂ ಇಲ್ಲ. ಕೈಯಿದೆ." ಬೆತ್ತದವನು ಕುರ್ಚಿಯನ್ನು ನೋಡಿ ಮೊದಲ ಸಲ ನಕ್ಕ. "ಇದೇನ್ ಸ್ವಾಮಿ, ರಾಜ್ಯ ಆಳ್ದೋರು ತೂತಿನ ಮೇಲೆ ಕೂತಿದೀರಾ? ಏಳಿ."

ಎದ್ದ. ಬಕೆಟ್ಟಿನಲ್ಲಿ ನೀರು ಬಂತು, ಎಳೆಗಳು ನೆನೆದವು. ಬೆತ್ತದವನು ಕುರ್ಚಿಯನ್ನು ಮಗುಚಿ, ಹಳೆಯ ಹೆಣಿಗೆಯನ್ನು ಕತ್ತರಿಸಿ, ದಬ್ಬಳದಿಂದ ಚೌಕಟ್ಟಿನ ಒಂದೊಂದು ತೂತನ್ನೂ ಚುಚ್ಚಿ ಶುಚಿ ಮಾಡತೊಡಗಿದ. ಅವನು ಒಳಗಿಂದ ಮರದ ಸ್ಟೂಲು ತಂದು ಎದುರು ಕೂತ. ಇನ್ನು ಐದು ನಿಮಿಷಕ್ಕೆ ಹೇಳುತ್ತೇನೆ. ಮೊದಲ ಸಾಲು ಮುಗಿಯಲಿ. ಎಳೆಗಳು ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಬಿಗಿದವು, ತೂತಿಗೊಂದು ಸಣ್ಣ ಮರದ ಬೆಣೆ. ಮೊದಲ ಸಾಲು ಮುಗಿಯಿತು, ಅಡ್ಡ ಸಾಲು ಶುರುವಾಯಿತು. ಬೆರಳು ಆಡುತ್ತಿದ್ದಂತೆ ಮಾತೂ ಆಡುತ್ತಿತ್ತು. ಜೈಲಿನಲ್ಲಿ ಬೆಳಿಗ್ಗೆ ಐದಕ್ಕೆ ಬೂಟಿನ ಸದ್ದು ಬರುತ್ತಿತ್ತಂತೆ. ದೂರದಿಂದ ಬಂದು ತನ್ನ ಬಾಗಿಲು ದಾಟಿಹೋದರೆ ಇವತ್ತಲ್ಲ. ದಾಟುವವರೆಗೆ ಹೆಜ್ಜೆ ಎಣಿಸುತ್ತಿದ್ದ. ನಲವತ್ತೊಂದು ಹೆಜ್ಜೆ. ಕುಂಟುವ ಕಾವಲಿನವನಾದರೆ ನಲವತ್ತಾರು.

"ನಾಲ್ಕು ವರ್ಷ ಸ್ವಾಮಿ. ಆಮೇಲೆ ಹೊಸಬ್ರು ಬಂದ್ರಂತೆ ಅಂದ್ರು. ಹತ್ತು ದಿನ ಆಗಿಲ್ಲ, ಜೈಲರು ಬಂದು ಎದ್ದೇಳೋ ಅಂದ. ನಾನು ಚಡ್ಡೀಲಿ ಉಚ್ಚೆ ಹೊಯ್ಕೊಂಡೆ. ಬದುಕಿದ್ಯೋ ಅಂದ. ಹೊಯ್ಕೊಂಡಿದ್ದಕ್ಕೆ ಬೈದ, ಆಮೇಲೆ ಅವನೂ ಅತ್ತ. ಹತ್ತು ದಿನ ಸ್ವಾಮಿ, ನಿಮಗೆ! ಅದಕ್ಕೆ ಮೊದಲು ಇದ್ದನಲ್ಲ, ಅವನಿಗೆ ಏನಾಗಿತ್ತು? ಕೊಲ್ಲು ಅಂದಿದ್ರೆ ಸತ್ತು ಮಲಗ್ತಿದ್ದೆ. ಬಿಡು ಅಂದಿದ್ರೆ ಎದ್ದು ಕೂರ್ತಿದ್ದೆ. ಇಲಿನ ಬೆಕ್ಕು ಆಡಿಸ್ದಂಗೆ ಆಡಿಸ್ದ. ಯಾರು ಸ್ವಾಮಿ ಅವನು? ನಿಮಗೆ ಗೊತ್ತಿರಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಅವನ ಕೈ ತಾನಾಗಿ ಹೆಗಲಿಗಲ್ಲ, ಕನ್ನಡಕಕ್ಕೆ ಹೋಯಿತು. "ಪರಿಚಯ ಇದೆ" ಎಂದ. "ಕೆಟ್ಟವನಲ್ಲ. ಅವನಿಗೆ... ಸಂಶಯ ಇತ್ತು."

"ಸಂಶಯ! ಹೊಟ್ಟೆ ತುಂಬಿದೋರಿಗೆ ಬರೋ ಕಾಯಿಲೆ."

ನಗಬೇಕಾಗಿ ಬಂತು. ನಕ್ಕ. ತನ್ನನ್ನೇ ಬೈದದ್ದಕ್ಕೆ ತಾನೇ ನಗುತ್ತ ಕೂತಿರುವಾಗಲೂ, ಆಶ್ಚರ್ಯವೆಂದರೆ, ಒಳಗೆ ಎಲ್ಲೋ ಬೆಚ್ಚಗೇ ಇತ್ತು. ಹತ್ತು ದಿನದಲ್ಲಿ ಸಹಿ ಮಾಡಿದ ಆ ಇನ್ನೊಬ್ಬ ತಾನೇ ಎಂದು ಅರ್ಧ ನಂಬಿಕೆಯೂ ಬಂದಿತ್ತು. ಆ ಇನ್ನೊಬ್ಬನ ಬೆನ್ನು ನೆಟ್ಟಗಿತ್ತು. ಅವನು ಸೋಮವಾರ ಹೊಟ್ಟೆ ತುಂಬ ಉಂಡಿದ್ದ. ಆದರೆ ನಾಲ್ಕು ವರ್ಷ ಸೋಮವಾರಗಳನ್ನು ತಿಂದ ಪ್ರಶ್ನೆಗೆ ಉತ್ತರ ಕೈಯಳತೆಯಲ್ಲಿ ಕೂತು ಬೆತ್ತ ಹೆಣೆಯುತ್ತಿರುವಾಗ ಸುಮ್ಮನಿರಲು ಹಳೆಯವನಿಗಾಗಲಿಲ್ಲ. "ಆ ದಿನ... ಬಾಗಿಲ ಹೊರಗೆ ಚಪ್ಪಲಿ..." ಎಂದ.

ಬೆತ್ತದವನ ಬೆರಳು ನಿಂತಿತು. ತಲೆಯೆತ್ತಿ, ತುಂಬ ಪ್ರೀತಿಯಿಂದ ನೋಡಿದ. "ಅದನ್ನ ಕೇಳದೇ ಬಿಟ್ರಲ್ಲ ಸ್ವಾಮಿ ನೀವು. ಪೊಲೀಸಿಂದ ಹಿಡಿದು ಎಲ್ಲಾರೂ ಅದನ್ನೇ ಕೇಳಿದ್ರು. ನೀವೊಬ್ರು ಕೇಳಲಿಲ್ಲ. ಅದಕ್ಕೇ ಹುಡುಕ್ಕೊಂಡು ಬಂದೆ."

ಹೌದು, ಎಂದ ಅವನು. ಹೌದು ಹೌದು. ಅವಳು ಕೇಳಿರಲಿಲ್ಲ. ಟಿಪ್ಪಣಿಯಲ್ಲಿ ಚಪ್ಪಲಿಯ ಮಾತೇ ಇರಲಿಲ್ಲ. ಅವಳಾಗಿ ಕೂತರೆ ತನ್ನ ಪ್ರಶ್ನೆ ಕೇಳುವಂತಿಲ್ಲ. ತಾನಾಗಿ ಕೇಳಿದರೆ ಅವಳ ಕುರ್ಚಿ ಬಿಟ್ಟು ಏಳಬೇಕು. ಅಡುಗೆಯಾಕೆ ಇಬ್ಬರಿಗೂ ಊಟ ತಂದಿಟ್ಟಳು. ಬೆತ್ತದವನು ಮೆಟ್ಟಿಲ ಮೇಲೆ ಕೂತು ಉಂಡ, ಬೇಡ ಬೇಡ ಎನ್ನುತ್ತ ಎರಡು ಸಲ ಹಾಕಿಸಿಕೊಂಡ. "ತಿನ್ನಪ್ಪ, ಬಾಯಿ ಬೇಡ ಅಂತಿದ್ರೂ ತಟ್ಟೆ ಬೇಕು ಅಂತಿದೆ" ಎಂದಳು ಅವಳು. ಹೊಸ ಶ್ರೋತೃ ಸಿಕ್ಕ ಖುಷಿಯಲ್ಲಿ ಭವನದ ಅಡುಗೆಮನೆಯ ಸುದ್ದಿಗೆ ತೊಡಗುವ ಲಕ್ಷಣ ಕಂಡು ಅವನು, ಒಳಗೆ ಹಾಲು ಉಕ್ಕುತ್ತಿದೆಯೇನೋ ನೋಡು ಎಂದು ಓಡಿಸಿದ. "ಒಲೇನೇ ಹಚ್ಚಿಲ್ಲ" ಎಂದು ಗೊಣಗುತ್ತ ಹೋದಳು. ಬಿಸಿಲು ವರಾಂಡದ ಕಂಬದಿಂದ ಕಂಬಕ್ಕೆ ಸರಿಯಿತು. ಓರೆ ಸಾಲುಗಳು ಶುರುವಾದವು. ಅವಳು ಬರುವುದು ಐದಕ್ಕೆ. ಅಷ್ಟರಲ್ಲಿ ಇವನು ಮುಗಿಸಿ ಹೋಗುತ್ತಾನೆ. ಹೋದರೆ ಈ ಹಗಲು ಹೀಗೇ, ಯಾರೂ ಮುಟ್ಟದ ಹಾಗೆ, ತನ್ನ ಬಳಿ ಉಳಿಯುತ್ತದೆ. ಒಂಬತ್ತು ವರ್ಷ ಅವಳು ಅನುಭವಿಸಿದ್ದರಲ್ಲಿ ಒಂದು ಹಗಲು. ಅದು ಕಳ್ಳತನವೇ? ಅವಳ ಪಾಲಿನದು ಕಡಿಮೆಯೇನಾದೀತು?

ಕಾಲೇಜಿನ ಕಾರು ನಾಲ್ಕಕ್ಕೇ ಬಂತು.

ಹೆಂಡತಿ ಸೆಲ್ಲೋಫೇನಿನಲ್ಲಿ ಸುತ್ತಿದ ಹೂಗುಚ್ಛವನ್ನು ಮಗುವನ್ನೆತ್ತಿದಂತೆ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. "ರೀ, ಆ ಪ್ರಿನ್ಸಿಪಾಲು ಮುಕ್ಕಾಲು ಗಂಟೆ ಸ್ವಾಗತ ಮಾಡಿದ್ರು. ಸ್ವಾಗತ ಮುಗಿಯೋ ಹೊತ್ತಿಗೆ ಹೊರಡೋ ಹೊತ್ತಾಯ್ತು" ಎಂದು ನಗುತ್ತ ಬಂದವಳು, ಮಗುಚಿದ ಕುರ್ಚಿಯನ್ನೂ ಬೆತ್ತದವನನ್ನೂ ನೋಡಿದಳು. "ಓ, ಕೊನೆಗೂ ಕೈ ಹಾಕಿಸಿದ್ರಾ!" ತನ್ನ ಗಂಡ ಎದ್ದು ನಿಂತಿರುವುದನ್ನು ನೋಡಿದಳು, ಅವನು ಎಂದೂ ಅವಳಿಗೆ ಎದ್ದು ನಿಲ್ಲುವವನಲ್ಲ, ಭವನದಲ್ಲಿದ್ದ ಎರಡು ವರ್ಷ ಬಿಟ್ಟು. ಬೆತ್ತದವನು ಕೂತಲ್ಲಿಂದಲೇ ತಲೆಬಾಗಿಸಿ, "ಅಮ್ಮಾವ್ರು ಪುಣ್ಯವಂತ್ರು. ಇಂಥೋರ ಕೈ ಹಿಡಿದಿದೀರಿ. ಇವರು ನಂಗೆ ಜೀವ ಕೊಟ್ಟೋರು" ಎಂದ.

ಅಡುಗೆಯಾಕೆ ಟೀ ತಂದವಳು ತಟ್ಟೆ ಹಿಡಿದೇ ನಿಂತಳು. "ಅಮ್ಮಾವ್ರೇನು ಕಮ್ಮಿನಾ? ಅವ್ರೂ ರಾಜ್ಯಪಾಲರೇ ಆಗಿದ್ರು ಕಣಪ್ಪ. ಒಬ್ಬರಾದ ಮೇಲೆ ಒಬ್ಬರು, ಅದೇ ಕುರ್ಚಿ. ಇಬ್ಬರಿಗೂ ಬೇಯಿಸಿ ಹಾಕಿದ್ದು ನಾನು." ಹೇಳಿ, ಲೋಟಗಳನ್ನಿಟ್ಟು, ಹೂಗುಚ್ಛ ಇಸಿದುಕೊಂಡು ಒಳಗೆ ಹೋದಳು.

ಬೆತ್ತದವನು ಲೋಟ ಎತ್ತಿದ್ದ. ಒಬ್ಬರಾದ ಮೇಲೆ ಒಬ್ಬರು. ಅವನ ಮುಖದಲ್ಲಿ ಆ ಮಾತು ನಿಧಾನವಾಗಿ ತನ್ನ ಜಾಗ ಹುಡುಕಿಕೊಳ್ಳುವುದು ಕಾಣುತ್ತಿತ್ತು. ಹೊಸಬರು ಇಲ್ಲಿ ಸ್ಟೂಲಿನ ಬಳಿ ನಿಂತಿದ್ದಾರೆ. ಹಾಗಾದರೆ ಹಳಬರು. ಲೋಟವನ್ನು ತುಟಿಗೆ ತಾಗಿಸದೆ ನೆಲಕ್ಕಿಟ್ಟ.

"ಆ ನಾಲ್ಕು ವರ್ಷದೋರು ನೀವಾ ಅಮ್ಮ?"

ಅವಳು ಗಂಡನ ಕಡೆ ನೋಡಿದಳು. ಬೆತ್ತದ ಎಳೆ, ನಾಲ್ಕು ವರ್ಷ, ಜೀವ. ಅವಳಿಗೆ ಎಲ್ಲ ತಿಳಿಯಲು ಮೂರು ಉಸಿರು ಸಾಕಾಯಿತು. ಎಂದಿನಿಂದಲೂ ಅವಳು ಬೇಗ. "ಟೀ ಆರುತ್ತೆ, ಕುಡೀರಿ" ಎಂದಳು.

"ಬೇಡ. ನಿಮ್ಮ ಕೈಯದು ಬೇಡ." ದನಿ ಏರಿರಲಿಲ್ಲ. "ನಮ್ಮಮ್ಮ ಆ ನಾಲ್ಕು ವರ್ಷದಲ್ಲಿ ಹೋದ್ಲು. ನಾಳೆ ಗೊತ್ತಾಗುತ್ತೆ, ನಾಳೆ ಗೊತ್ತಾಗುತ್ತೆ ಅಂತಾನೇ ಹೋದ್ಲು. ನೀವೂ ಹೆಂಗಸು. ಒಂದು ಹೂಂ ಅನ್ನೋಕೆ, ಉಹೂಂ ಅನ್ನೋಕೆ ನಿಮಗೇನಾಗಿತ್ತು?"

ಅವಳು ಕೆನ್ನೆಗೆ ಹೊಡೆಸಿಕೊಂಡವರಂತೆ ಅಲ್ಲ, ಯಾರದೋ ಮಾತನ್ನು ಕೊನೆಯವರೆಗೆ ಕೇಳಬೇಕೆಂದು ನಿಂತವರಂತೆ ನಿಂತಿದ್ದಳು.

"ಅವಳಲ್ಲ" ಎಂದ ಅವನು. "ಅವಳಲ್ಲಪ್ಪ. ಅದು ನಾನು. ನಾಲ್ಕು ವರ್ಷ ಇಟ್ಟುಕೊಂಡವನು ನಾನು. ಸಹಿ ಹಾಕಿದ್ದು ಇವಳು."

ಬೆತ್ತದವನು ಅವನನ್ನು ನೋಡಿದ. ಆ ಕಣ್ಣಲ್ಲಿ ಬೆಳಗಿನಿಂದ ಇದ್ದದ್ದು ಕರಗಲಿಲ್ಲ, ಇನ್ನಷ್ಟು ತುಂಬಿಕೊಂಡಿತು. "ದೊಡ್ಡೋರು ಹೀಗೇ ಅನ್ನೋದು" ಎಂದ. "ಹೆಂಡ್ತಿ ತಪ್ಪನ್ನ ತನ್ನ ತಲೆ ಮೇಲೆ ಎಳ್ಕೊಳ್ಳೋದು. ಬೆಳಗ್ಗಿಂದ ಹೇಳದೇ ಇದ್ದದ್ದು ಈಗ ಹೇಳ್ತೀರಾ? ನಂಗೊತ್ತಾಗಲ್ವಾ ಸ್ವಾಮಿ? ಅದಕ್ಕೇ ಕೆಟ್ಟವನಲ್ಲ, ಸಂಶಯ ಇತ್ತು ಅಂದ್ರಿ. ಆಯ್ತು ಬಿಡಿ. ನಿಮ್ಮ ಮುಖ ನೋಡ್ಕೊಂಡು ಬಿಟ್ಟೆ." ಅಂಚಿನ ಎಳೆಯನ್ನು ಬಿಗಿದು, ಕೊನೆಯ ಬೆಣೆ ತಟ್ಟಿ, ಹೆಚ್ಚಾದದ್ದನ್ನು ಕತ್ತರಿಸಿ, ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿದ. ಒಂದು ದಿನ ಒಣಗಲಿ ಎಂದ. ಗಂಟು ಕಟ್ಟಿ, ಅವನಿಗೆ ಮಾತ್ರ ಕೈಮುಗಿದು, ಅವಳನ್ನು ದಾಟುವಾಗ ಮುಖ ಆಚೆಗೆ ಮಾಡಿ ಇಳಿದುಹೋದ.

ಗೇಟಿನ ಚಿಲಕ ಬಿದ್ದಮೇಲೆ ಅವನು ಹೆಂಡತಿಯ ಮೇಲೆಯೇ ಹರಿಹಾಯ್ದ. "ನೀನ್ಯಾಕೆ ಸುಮ್ಮನಿದ್ದೆ? ಒಂದು ಮಾತು ಹೇಳಿದ್ರೆ ನಂಬ್ತಿದ್ದ."

"ನೀವು ಬೆಳಗ್ಗಿಂದ ಸುಮ್ಮನಿದ್ರಲ್ಲ" ಎಂದಳು ಅವಳು. ಸಿಟ್ಟಿರಲಿಲ್ಲ. ಆರಿದ ಟೀ ಲೋಟಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿದ್ದಳು.

ಸಿಟ್ಟಿದ್ದರೆ ಅದರ ಎದುರು ನಿಲ್ಲಬಹುದಿತ್ತು. ಅವಳ ಕೈಯಲ್ಲಿ ಎಲ್ಲವೂ ಸೇರಿಹೋಗಿತ್ತು: ಸಹಿಯೂ ಅವಳದ್ದು, ಕ್ಷಮೆಯೂ ಅವಳದ್ದು, ಈಗ ತನ್ನ ನಾಲ್ಕು ವರ್ಷದ ಪಾಪವನ್ನೂ ಒಂದು ನಿಮಿಷ ನಿಂತು ಹೊತ್ತುಕೊಂಡು, ಹೊತ್ತದ್ದೇ ತಿಳಿಯದಂತೆ ಲೋಟ ಜೋಡಿಸುತ್ತಿದ್ದಾಳೆ. ಜೀವಮಾನದಲ್ಲಿ ತನ್ನದು ಎಂದು ಇದ್ದದ್ದು ಅದೊಂದು. ಬೈಗುಳ ಕೂಡ ಅವಳ ಪಾಲಿಗೆ ಹೋಯಿತಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು, ಉರಿದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯ ಅಡಿಯಲ್ಲೂ ಉರಿಯುತ್ತಲೇ ಇತ್ತು. ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ. ಬೀದಿಯ ಕೊನೆಯವರೆಗೆ ನಡೆದ, ಆಮೇಲೆ ಓಡಿದ. ಔಷಧಿ ಅಂಗಡಿಯವನು ಕೌಂಟರಿನಿಂದ ಬಗ್ಗಿ ನೋಡಿದ. ಬೆತ್ತದವನು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಯಾಕ್ ಸ್ವಾಮಿ ಓಡಿಬಂದ್ರಿ ಈ ವಯಸ್ಸಲ್ಲಿ? ಏನಾದ್ರೂ ಮರೆತ್ನಾ?"

ಏದುಸಿರು ಇಳಿಯಲು ಹೊತ್ತಾಯಿತು. "ನಿಮ್ಮಮ್ಮ ಕಾಗದ ಹಾಕ್ತಿದ್ರು" ಎಂದ. "ಕಾರ್ಡು. ಯಾರ ಕೈಲೋ ಬರೆಸಿ. ರಾಜ್ಯಪಾಲರಿಗೆ ಅಂತ. ಹನ್ನೊಂದು ಬಂದವು. ಮೊದಲನೇದರಲ್ಲಿ, ನನ್ನ ಮಗ ಬೆಂಕಿಗೆ ಹೆದರೋನು, ಚಿಕ್ಕೋನಿದ್ದಾಗ ಒಲೆ ಹತ್ರ ಬರ್ತಿರ್ಲಿಲ್ಲ ಅಂತ ಇತ್ತು. ಐದನೇದರಲ್ಲಿ ಹಿತ್ತಲ ಬಾಗಿಲು ಕಿತ್ತುಬಂದಿದೆ, ಬೇರೆಯೋರ ಕೈಲಿ ಹಾಕಿಸಲ್ಲ, ಅವನೇ ಬಂದು ಹಾಕ್ತಾನೆ ಅಂತ. ಬಾಗಿಲಿಗೆ ಅಡ್ಡ ಒಂದು ಮಂಚ ಇಟ್ಕೊಂಡು ಮಲಗ್ತೀನಿ ಅಂತ. ಹನ್ನೊಂದನೇದರಲ್ಲಿ ಬರೀ ಮೂರು ಸಾಲು. ಕಣ್ಣು ಕಾಣಲ್ಲ, ಬೇಗ ಹೇಳಿ ಅಂತ. ಆಮೇಲೆ ಬರಲಿಲ್ಲ. ಅವು ಫೈಲಿಗೆ ಹೋಗಲಿಲ್ಲ, ನನ್ನ ಸ್ವಂತದ ಖಾನೆಯಲ್ಲಿ ಇದ್ದವು. ನನ್ನ ಹೆಂಡತಿ ಅವುಗಳನ್ನ ನೋಡೇ ಇಲ್ಲ. ಅವಳು ಬಂದಾಗ ಕಾರ್ಡು ಬರೋದು ನಿಂತು ವರ್ಷ ಆಗಿತ್ತು."

ಬೆತ್ತದವನು ಗಂಟಿನ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಹನ್ನೊಂದೂ ಓದಿದ್ರಾ?"

"ಓದಿದೆ."

"ಉತ್ತರ?"

"ಬರೀಲಿಲ್ಲ."

ಈಗ ಬರುತ್ತದೆ ಎಂದು ನಿಂತ. ಬೈಯಲಿ, ಕೈ ಎತ್ತಿದರೂ ಎತ್ತಲಿ. ತೋಳುಗಳನ್ನು ಇಳಿಬಿಟ್ಟು, ಬಿಸಿಲಿಗೆ ಮುಖ ಕೊಟ್ಟು, ಬಹಳ ವರ್ಷಗಳ ಮೇಲೆ ತನ್ನ ಹೆಸರಿಗೇ ಬರುವ ಒಂದು ಅಂಚೆಗೆ ಕಾಯುವವನ ಹಾಗೆ ಕಾದ. ಬೆತ್ತದವನು ಅವನ ಮುಖವನ್ನು ಉದ್ದಕ್ಕೂ ಅಡ್ಡಕ್ಕೂ ಒಂದು ಸಲ ನೋಡಿದ. ಅಲ್ಲಿ ತನಗೆ ಬೇಕಾದದ್ದು ಏನೂ ಇಲ್ಲವೆಂಬಂತೆ ನೋಟ ಬೀದಿಯ ಕಡೆ ಹೊರಳಿತು.

"ಅಮ್ಮಾವ್ರು ಸುಮ್ಮನೇ ನಿಂತಿದ್ರಲ್ಲ" ಎಂದ, ತನಗೆ ತಾನೇ. "ನಾನು ಅಷ್ಟು ಅಂದೆ. ಸುಮ್ಮನೇ ನಿಂತಿದ್ರು."

ಬೆತ್ತದವನು ಎದ್ದ. ಬಸ್ಸು ತಿರುವಿನಲ್ಲಿ ಕಾಣುತ್ತಿತ್ತು; ಅದನ್ನು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. ಬಂದ ದಾರಿಯಲ್ಲೇ ಮನೆಯ ಕಡೆ ನಡೆದ, ನಡೆಯುತ್ತ ನಡೆಯುತ್ತ ಗಂಟು ಒಂದು ಕೈಯಿಂದ ಇನ್ನೊಂದಕ್ಕೆ ಹೋಯಿತು. ಜೊತೆಗೆ ಹೋಗಬೇಕೆಂದು ಅವನ ಕಾಲು ಎರಡು ಹೆಜ್ಜೆ ಇಟ್ಟವು. ಬೆತ್ತದವನು ತಿರುಗಿ ನೋಡಲಿಲ್ಲ, ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬಸ್ಸು ಬಂದು ನಿಂತಿತು. "ಹತ್ತೋದಾದ್ರೆ ಹತ್ತಿ ಯಜಮಾನ್ರೇ, ದಾರಿ ಬಿಡಿ ಇಲ್ಲಾಂದ್ರೆ"‌ ಎಂದ ಕಂಡಕ್ಟರು. ದಾರಿ ಬಿಟ್ಟು ಬೆಂಚಿನ ಮೇಲೆ ಕೂತ. ಕಲ್ಲಿನಲ್ಲಿ ಆ ಮನುಷ್ಯನ ಮೈಯ ಬಿಸಿ ಇನ್ನೂ ಇತ್ತು.

ಅಲ್ಲೇ ಕೂತು ಮನಸ್ಸಿನಲ್ಲೇ ಕಂಡ. ಈಗ ಗೇಟು. ಈಗ ಮೆಟ್ಟಿಲು. ಈಗ ಅವಳು ಬಾಗಿಲಿಗೆ ಬಂದಿರುತ್ತಾಳೆ. ಬೆಳಿಗ್ಗೆ ತನಗೆ ಹೇಳಿದ್ದನ್ನೇ ಹೇಳುತ್ತಿರಬಹುದು, ಬೂಟಿನ ಸದ್ದು, ನಲವತ್ತೊಂದು ಹೆಜ್ಜೆ. ಅಷ್ಟೇ ಆದರೆ ಪರವಾಗಿಲ್ಲ, ಅದು ಮೊದಲು ತನಗೆ ಹೇಳಿದ್ದು, ಅವಳಿಗೆ ಎರಡನೆಯ ಸಲ. ಆದರೆ ಹೀಗೆ ಬಸ್ಸು ಬಿಟ್ಟು ಹೋದವನು ಹಳೆಯ ಮಾತು ಹೇಳಲು ಹೋಗುತ್ತಾನೆಯೇ? ಹೇಳಿದ್ದಕ್ಕೆಲ್ಲ ಆಚೆ ಏನೋ ಒಂದನ್ನು, ಬಹುಶಃ ಆ ಚಪ್ಪಲಿಯ ಉತ್ತರವನ್ನೇ, ಇಟ್ಟುಕೊಂಡೇ ಬೆಳಗಿನಿಂದ ಬೆತ್ತ ಹೆಣೆದಿರಬೇಕು; ಸಲ್ಲಬೇಕಾದವರು ಇವರಲ್ಲ ಎಂದು ಬೆರಳಿಗೆ ಗೊತ್ತಾಗಿ ಕೊಡದೆ ಹೋಗಿರಬೇಕು. ಎರಡು ಬಸ್ಸು ಹೋದವು. ಮೂರನೆಯದಕ್ಕೆ ಬೆತ್ತದವನು ಬಂದ. ಕಣ್ಣು ಕೆಂಪಗಿದ್ದವು, ಮುಖ ಮಾತ್ರ ನಿದ್ದೆಯಿಂದ ಎದ್ದ ಮಗುವಿನದರಂತೆ ಹಗುರವಾಗಿತ್ತು. ಅವನ ಎದುರಿಗೇ ಬಸ್ಸು ಹತ್ತಿ, ಆಚೆಯ ಕಿಟಕಿಯಲ್ಲಿ ಕೂತುಬಿಟ್ಟ.

ಮನೆಗೆ ಬಂದಾಗ ವರಾಂಡದಲ್ಲಿ ಟೀ ಲೋಟಗಳು ಖಾಲಿಯಾಗಿದ್ದವು, ಎರಡೂ. ಹೆಂಡತಿ ಮುಖ ತೊಳೆದುಕೊಂಡು ಬಂದು ಟವೆಲ್ಲಿನಿಂದ ಒರೆಸಿಕೊಳ್ಳುತ್ತಿದ್ದಳು. ನೀರಷ್ಟೇ ಅಲ್ಲವೆಂದು ಅವನಿಗೆ ಕಂಡಿತು. ಸಭೆಯಿಂದ ಬಂದರೆ ಸ್ವಾಗತ ಭಾಷಣದ ಕೆಮ್ಮನ್ನೂ ಬಿಡದೆ ಹೇಳುವವಳು, ನಲವತ್ತೈದು ವರ್ಷ ಊಟದ ಮೇಜಿನಲ್ಲಿ ಲೋಕವನ್ನೆಲ್ಲ ಬಡಿಸಿದವಳು. ಅವನು ನಿಂತೇ ಕಾದ. ಅವಳು ಟವೆಲ್ಲನ್ನು ಮಡಿಚಿದಳು.

"ಏನಂದ?" ಎಂದು ಕೇಳಿದ ಕೊನೆಗೆ.

ಅವಳು ಅವನನ್ನು ಕನಿಕರದಿಂದಲೇ ನೋಡಿದಳು. ಹೇಳಲೆಂದು ತುಟಿ ತೆರೆದಂತೆಯೂ ಕಂಡಿತು.

"ಅದು ನಂಗೆ ಹೇಳಿದ್ದು ರೀ" ಎಂದಳು, ಮತ್ತು ಅವನನ್ನು ದಾಟಿ ಒಳಗೆ ಹೋದಳು.